ನಾಗಲಿಂಗನ ಎಂಟು ವಿಕೆಟ್

ಖಾನಾಪುರದ ಕರೆಪ್ಪನನ್ನು ನೀವು ನೋಡಿರಲಿಕ್ಕಿಲ್ಲ. ಆದರೆ ಅವನ ಕೈಯಲ್ಲಿ ಹುಟ್ಟಿದ ಪಂಪು ಎತ್ತಿದ ನೀರನ್ನು ಎಂದೋ ಒಂದು ದಿನ ಕುಡಿದೇ ಇರುತ್ತೀರಿ. ಬೆಳಗಾವಿಯ ಉದ್ಯಮಬಾಗದ ಒಂದು ಸಣ್ಣ ಫೌಂಡ್ರಿಯಲ್ಲಿ ಅವನು ಪ್ಯಾಟರ್ನ್ ಮಾಡುವವನು. ಅಂದರೆ, ಕಬ್ಬಿಣ ಯಾವ ಆಕಾರಕ್ಕೆ ಬರಬೇಕೋ ಆ ಆಕಾರವನ್ನು ಮೊದಲು ಕಟ್ಟಿಗೆಯಲ್ಲಿ ಕೆತ್ತಿಕೊಡುವವನು. ಆ ಕಟ್ಟಿಗೆಯನ್ನು ಉಸುಕಿನಲ್ಲಿ ಒತ್ತಿ ತೆಗೆದು, ಉಳಿದ ಪೊಳ್ಳಿಗೆ ಕಾದ ಲೋಹ ಹೊಯ್ದರೆ ವಸ್ತು ತಯಾರು. ವಸ್ತು ಊರೂರಿಗೆ ಹೋಗುತ್ತದೆ, ಕಟ್ಟಿಗೆ ಮೂಲೆಯ ಕಪಾಟು ಸೇರುತ್ತದೆ, ಕರೆಪ್ಪ ಸಂಜೆಯ ಬಸ್ಸು ಹಿಡಿದು ಖಾನಾಪುರಕ್ಕೆ ಹೋಗುತ್ತಾನೆ. ಮೂವತ್ತೆರಡು ವರ್ಷ ಹೀಗೇ ನಡೆದಿತ್ತು.

ಅವನ ಕೆಲಸದಲ್ಲಿ ಹುಳುಕು ತೆಗೆದವರು ಕಡಿಮೆ. ಹೊಗಳಿದವರು ಇನ್ನೂ ಕಡಿಮೆ. ಪಂಪಿನ ಒಳಹೊಟ್ಟೆ ಎಷ್ಟು ನುಣುಪಾಗಿದೆ ಎಂದು ಯಾವ ಪುಣ್ಯಾತ್ಮ ಬಿಚ್ಚಿ ನೋಡುತ್ತಾನೆ? "ನಾ ಮಾಡಿದ್ದೆಲ್ಲಾ ಒಂದೋ ಮಣ್ಣಾಗ, ಇಲ್ಲಾ ನೀರಾಗ" ಎಂದು ಅವನೇ ಹೇಳಿ ನಗುತ್ತಿದ್ದ. ಆ ನಗುವಿನ ಅಡಿಯಲ್ಲಿ ಒಂದು ಆಸೆ ಇತ್ತು, ಅದನ್ನು ಬಚ್ಚಿಟ್ಟು ಪ್ರಯೋಜನವಿಲ್ಲ. ತಾನು ಮಾಡಿದ ಒಂದಾದರೂ ವಸ್ತು ಜನ ಕತ್ತೆತ್ತಿ ನೋಡುವ ಜಾಗದಲ್ಲಿ ನಿಲ್ಲಬೇಕು ಎಂಬುದೇ ಆ ಆಸೆ.

ಇನ್ನೊಂದು ಹುಚ್ಚೂ ಇತ್ತು. ಕ್ರಿಕೆಟ್, ಅದರಲ್ಲೂ ಬೌಲಿಂಗ್. ಬ್ಯಾಟು ಬೀಸುವವರ ಮೇಲೆ ಅವನಿಗೆ ಅಂಥಾ ಪ್ರೀತಿಯಿಲ್ಲ; ಅವರಿಗೆ ಲೋಕವೇ ಚಪ್ಪಾಳೆ ತಟ್ಟುತ್ತದೆ, ತನ್ನದೊಂದು ಕಡಿಮೆಯಾದರೆ ಏನಾಗುತ್ತದೆ ಎನ್ನುವ ಧಾಟಿ. ಹದಿನಾಲ್ಕರ ವಯಸ್ಸಿನಲ್ಲಿ ಅಪ್ಪನ ಕುರಿ ಕಾಯುತ್ತ, ಸೋದರಮಾವನ ರೇಡಿಯೊವನ್ನು ಕಂಬಳಿ ಕೊಪ್ಪೆಯೊಳಗೆ ಇಟ್ಟುಕೊಂಡು ಅವನು ಒಂದು ಟೆಸ್ಟ್ ಪಂದ್ಯ ಕೇಳಿದ್ದ. ದೂರದ ದೊಡ್ಡ ಶಹರದ, ಸಮುದ್ರದ ಗಾಳಿ ತಾಗುವ ಹಳೆಯ ಮೈದಾನ. ದೇಶವಿದೇಶದ ದೊಡ್ಡ ದೊಡ್ಡ ಬೌಲರುಗಳು ಬೆವರು ಸುರಿಸಿದ ಜಾಗ ಅದು. ಪಂದ್ಯದ ಕೊನೆಯ ದಿನ ಎದುರಾಳಿಗೆ ಗೆಲ್ಲಲು ಬೇಕಾದದ್ದು ನೂರೈವತ್ತಕ್ಕೂ ಕಡಿಮೆ, ಹತ್ತೂ ವಿಕೆಟ್ ಕೈಯಲ್ಲಿ. ಆಗ ಚೆಂಡು ಹಿಡಿದವನು ನಾಗಲಿಂಗ. ನಮ್ಮ ಸೀಮೆಯವನೇ. ಎಡಗೈ ಸ್ಪಿನ್ನರ್. ಊಟದ ಹೊತ್ತಿಗೆ ಮೂರು, ಚಹಾದ ಹೊತ್ತಿಗೆ ಆರು, ಹೊತ್ತು ಇಳಿಯುವುದರೊಳಗೆ ಎಂಟು. ನಲವತ್ತೊಂಬತ್ತು ರನ್ನಿಗೆ ಎಂಟು ವಿಕೆಟ್!

ಹಿಂದಿ ಕಾಮೆಂಟ್ರಿ ಕರೆಪ್ಪನಿಗೆ ಅರ್ಧಮರ್ಧ ತಿಳಿಯುತ್ತಿತ್ತು. ಆದರೆ ಅಷ್ಟು ದೂರದ ಊರಿನಲ್ಲಿ ಸಾವಿರಾರು ಜನ ಒಂದೇ ಬಾಯಲ್ಲಿ ನಮ್ಮ ಕಡೆಯ ಹೆಸರೊಂದನ್ನು ಕೂಗುತ್ತಿದ್ದದ್ದು ಪೂರ್ತಿ ತಿಳಿಯಿತು. ಎಂಟನೆಯ ವಿಕೆಟ್ ಬೀಳುವಾಗ ಇತ್ತ ಕುರಿಗಳು ಗೌಡರ ಕಡಲೆ ಹೊಲ ಹೊಕ್ಕಿದ್ದವು. ಅಂದು ಅಪ್ಪ ಬಾರಿಸಿದ ಏಟೆಷ್ಟೋ ಕರೆಪ್ಪನಿಗೆ ನೆನಪಿಲ್ಲ, ವಿಕೆಟ್ ಬಿದ್ದ ಕ್ರಮ ಮಾತ್ರ ಇವತ್ತಿಗೂ ತಪ್ಪುವುದಿಲ್ಲ. ಪಾಪ, ನಾಗಲಿಂಗನ ಭುಜ ಮುಂದೆ ಕೈಕೊಟ್ಟಿತು. ಇನ್ನೆರಡು ಟೆಸ್ಟ್ ಆಡಿ ಅವನು ಮರೆಗೆ ಸರಿದ. ಬಾಳಿನಲ್ಲಿ ಅವನು ಗಳಿಸಿದ್ದು ಆ ಒಂದು ದಿನವನ್ನು.

ಹೋದ ದೀಪಾವಳಿ ಮುಗಿದ ಮೇಲೆ ಫೌಂಡ್ರಿಯ ಮಾಲಕ ಗುರುಪುತ್ರಪ್ಪನವರು ಒಂದು ಕಾಗದ ಹಿಡಿದುಕೊಂಡು ಪ್ಯಾಟರ್ನ್ ಕೋಣೆಗೆ ಬಂದರು. ಶಿವಬಸವ ನಗರದಲ್ಲಿ ಮನೆ, ಮಾತು ಒರಟು, ಮನಸ್ಸು ಅಷ್ಟು ಒರಟಲ್ಲ. ಅದೇ ಹಳೆಯ ಮೈದಾನದವರು ತಮ್ಮ ಪೆವಿಲಿಯನ್ನು ದುರಸ್ತಿ ಮಾಡಿಸುತ್ತಿದ್ದರು. ಅಲ್ಲಿ ಆದ ಹನ್ನೆರಡು ಅತಿ ದೊಡ್ಡ ಬೌಲಿಂಗ್ ಸಾಧನೆಗಳನ್ನು ಹನ್ನೆರಡು ಹಿತ್ತಾಳೆ ಫಲಕಗಳಲ್ಲಿ ಎರಕ ಹೊಯ್ಯಿಸಿ, ಹಳೆಯ ಸಾಗವಾನಿ ಚೌಕಟ್ಟಿನಲ್ಲಿ ಒಂದರ ಕೆಳಗೊಂದು ಕೂಡಿಸುವ ವಿಚಾರ. ಹಿತ್ತಾಳೆಯೂ ಅವರದೇ. ಪೆವಿಲಿಯನ್ನಿನ ಹಳೆಯ ಕಟಕಟೆ, ಬಾಗಿಲ ಹಿಡಿಕೆ, ಅಗುಳಿ ಎಲ್ಲ ಕಳಿಸಿದ್ದರು. ಹೊರಗಿನ ಒಂದು ಗುಂಜಿ ಹಿತ್ತಾಳೆಯೂ ಸೇರಬಾರದು ಎಂದು ಕರಾರು. ಆ ಚೌಕಟ್ಟಿಗೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ, ಫಲಕ ತೋಡಿನೊಳಗೆ ಜಾರಿ ತಾನೇ ನಿಲ್ಲಬೇಕು ಎಂದು ಇನ್ನೊಂದು ಕರಾರು.

"ಇದರ ಪ್ಯಾಟರ್ನ್ ಪುಣೆಯಾಗ ಮಷೀನಿನ ಮ್ಯಾಲ ಕೊರಸಿ ತರಸೂಣು ಅಂತ ಮಾಡೇನಿ" ಎಂದರು ಗುರುಪುತ್ರಪ್ಪ. "ನಮ್ಮ ಕೈಲೆ ಇಂಥಾ ನಾಜೂಕ ಕೆಲಸ ಆಗೂದಿಲ್ಲ."

ಕರೆಪ್ಪ ಕಾಗದ ನೋಡುತ್ತಿದ್ದ. ಪಟ್ಟಿಯ ಕೊನೆಯ ಸಾಲಿನಲ್ಲಿ, ಹನ್ನೆರಡನೆಯದಾಗಿ, ನಾಗಲಿಂಗನ ಹೆಸರಿತ್ತು. ಮುಂದೆ ಎಂಟು, ನಲವತ್ತೊಂಬತ್ತು.

"ಮಾಲಕ್ರ, ನಾ ಮಾಡ್ತೀನ್ರಿ."

"ಏ, ನೀ ಹಿತ್ತಾಳಿ ಕೆಲಸ ಎಂದರ ಮಾಡೀಯೇನೋ?"

"ಕಾಲಿಗೆ ಬೀಳ್ತೀನ್ರಿ. ಇದೊಂದು ನನಗ ಬಿಡ್ರಿ. ನಿಮ್ಮ ಹೆಸರು ಕೆಡಸಂಗಿಲ್ಲ."

ಮೂವತ್ತೆರಡು ವರ್ಷದಲ್ಲಿ ಕರೆಪ್ಪ ಏನನ್ನೂ ಕೇಳಿದವನಲ್ಲ. ಗುರುಪುತ್ರಪ್ಪ ಅವನ ಮುಖ ನೋಡಿದರು, ಕಾಗದವನ್ನು ಬೆಂಚಿನ ಮೇಲಿಟ್ಟು ಹೋದರು.

ಎರಡು ತಿಂಗಳು ಆ ಮನುಷ್ಯ ನೆಲದ ಮೇಲೆ ನಡೆಯಲಿಲ್ಲ. ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಸಾಗವಾನಿಯಲ್ಲಿ ಬೇರೆ ಬೇರೆ ಕೆತ್ತಿ, ಅಂಚು ತೀಡಿ, ಹಲಗೆಗೆ ಅಂಟಿಸಿದ. ಕೆತ್ತುವಾಗ ಆಯಾ ಬೌಲರನ ಕಥೆಯನ್ನು ಪಕ್ಕದವರಿಗೆ ಹೇಳಲೇಬೇಕು. ಸಮುದ್ರದ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಊಟಕ್ಕೆ ಮೊದಲೇ ಆರು ಜನರನ್ನು ಮನೆಗೆ ಕಳಿಸಿದ ವೇಗಿ. ಬೆರಳಿನ ಚರ್ಮ ಕಿತ್ತು ಹೋಗಿ, ಪ್ರತಿ ಓವರಿಗೂ ಕೈಯನ್ನು ಪ್ಯಾಂಟಿಗೆ ಒರಸಿಕೊಂಡು, ಪ್ಯಾಂಟೆಲ್ಲ ರಕ್ತವಾದರೂ ಏಳು ವಿಕೆಟ್ ತೆಗೆದ ಲೆಗ್ ಸ್ಪಿನ್ನರ್. ಮರುದಿನ ಊರಿಗೆ ಹಡಗು ಹತ್ತಬೇಕಿದ್ದ ಪರದೇಶದ ಮುದುಕ ಬೌಲರ್, ಕೊನೆಯ ಪಂದ್ಯದಲ್ಲಿ ಏಳು ತೆಗೆದು ಟೋಪಿ ಎತ್ತಿ ಹೋದವನು.

"ಬಂತು ನೋಡು ಇವನ ರೇಡಿಯೊ" ಎಂದು ಭಟ್ಟಿಯ ಭರಮಣ್ಣ ಛೇಡಿಸುತ್ತಿದ್ದ. ಲೋಹ ಕರಗಿಸುವುದು, ಅಚ್ಚಿಗೆ ಹೊಯ್ಯುವುದು ಭರಮಣ್ಣನ ಕೆಲಸ. ಇಬ್ಬರೂ ಒಂದೇ ವರ್ಷ ಸೇರಿದವರು.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಹನ್ನೆರಡೂ ಫಲಕ ಎರಕವಾದವು. ಉಜ್ಜಿ ಹೊಳಪು ಕೊಟ್ಟು ಬೆಂಚಿನ ಮೇಲೆ ಸಾಲಾಗಿ ಇಟ್ಟಾಗ ಕಬ್ಬಿಣದ ಧೂಳು ಕುಡಿದ ಆ ಕೋಣೆಗೆ ಮದುವೆಯ ಕಳೆ ಬಂದಿತ್ತು. ಬಾಜೂ ಕಾರ್ಖಾನೆಯವರೂ ಬಂದು ನೋಡಿದರು. ಕರೆಪ್ಪ ಯಾರಿಗೂ ಮುಟ್ಟಲು ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಮೈದಾನದವರು ಕಳಿಸಿದ ಒಂದು ಪಾರ್ಸಲ್ ಬಂತು. ಅವರ ಚೌಕಟ್ಟಿನ ಒಂದು ಖಾನೆಯ ನಕಲು, ಅಳತೆ ಸರಿನೋಡಲು. ಎರಡೂ ಪಕ್ಕಕ್ಕೆ ತೋಡು. ಹಳೆಯ ಚೌಕಟ್ಟಿನ ಅಂಚು ಸವೆದು ತೋಡಿನ ಆಳ ಉಳಿದಿದ್ದೇ ಎರಡೆರಡು ಮಿಲಿಮೀಟರು, ಅದನ್ನೂ ಹಾಗೇ ತೋರಿಸಿದ್ದರು. ಮಾಲಕರು ಬೈಲಹೊಂಗಲಕ್ಕೆ ನೆಂಟರ ಮದುವೆಗೆ ಹೋಗಿದ್ದರು. ಕರೆಪ್ಪ ಮೊದಲ ಫಲಕವನ್ನು ಎರಡೂ ಕೈಯಲ್ಲಿ ಎತ್ತಿ ಆ ಖಾನೆಗೆ ಹಿಡಿದ, ಮೆಲ್ಲಗೆ ಕೈ ಬಿಟ್ಟ. ಫಲಕ ನಿಲ್ಲದೆ ನೇರ ಅವನ ಕಾಲ ಬುಡಕ್ಕೆ ಬಿತ್ತು.

ಎರಡನೆಯದನ್ನು ಹಿಡಿದ. ಅದೂ ಬಿತ್ತು. ಮೂರನೆಯದನ್ನು ಹಿಡಿಯುವ ಮೊದಲೇ ಅವನಿಗೆ ಗೊತ್ತಾಗಿತ್ತು, ಆದರೂ ಹಿಡಿದ. ಆಮೇಲೆ ಸಾದಾ ಸ್ಟೀಲ್ ಪಟ್ಟಿ ತಂದು ಅಳೆದ. ಒಂಬೈನೂರು ಮಿಲಿಮೀಟರ್ ಇರಬೇಕಾದ ಫಲಕ ಎಂಟುನೂರ ತೊಂಬತ್ತೈದು.

ತಪ್ಪು ಎಲ್ಲಾಯಿತು ಎಂಬುದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾದ ಲೋಹ ಆರುವಾಗ ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನ್ ಮಾಡುವವರ ಅಳತೆಪಟ್ಟಿಯೇ ಬೇರೆ, ಅದರ ಗೀಟುಗಳನ್ನು ಕುಗ್ಗುವಷ್ಟು ಹಿಗ್ಗಿಸಿ ಕೊರೆದಿರುತ್ತಾರೆ. ಕಬ್ಬಿಣಕ್ಕೆ ಒಂದು ಪಟ್ಟಿ, ಹಿತ್ತಾಳೆಗೆ ಇನ್ನೊಂದು, ಏಕೆಂದರೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಕುಗ್ಗುತ್ತದೆ. ಇದು ಕೆಲಸ ಕಲಿಯಲು ಬಂದವನಿಗೆ ಮೊದಲ ವಾರ ಹೇಳಿಕೊಡುವ ಪಾಠ. ಕರೆಪ್ಪನ ಕೈ ಮೂವತ್ತೆರಡು ವರ್ಷ ಕಬ್ಬಿಣದ ಪಟ್ಟಿಯನ್ನೇ ಹಿಡಿದದ್ದು. ಈ ಸಲವೂ ಕೈ ಅದನ್ನೇ ಎತ್ತಿಕೊಂಡಿತು, ತಲೆ ಅಕ್ಷರಗಳ ಅಂದದಲ್ಲಿ ಮುಳುಗಿತ್ತು. ತಿಳಿಯದೆ ಮಾಡಿದ ತಪ್ಪಾಗಿದ್ದರೆ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ನೆಲದ ಮೇಲೆ ಕುಸಿದು ಕೂತ, ಹಣೆಯನ್ನು ಬೆಂಚಿನ ಕಾಲಿಗೆ ಜಜ್ಜಿಕೊಂಡ.

ಶನಿವಾರ ಮುಂಜಾನೆ ಟೆಂಪೋ ಬರುವುದಿತ್ತು. ಭಾನುವಾರ ಮೈದಾನದಲ್ಲಿ ಟೆಸ್ಟ್ ಪಂದ್ಯ ಶುರು. ಆಟಕ್ಕೆ ಮೊದಲು ಫಲಕಗಳ ಅನಾವರಣ. ಪಟ್ಟಿಯಲ್ಲಿದ್ದ ಬೌಲರುಗಳಲ್ಲಿ ಬದುಕಿದ್ದವರನ್ನೆಲ್ಲ ಕರೆಸಿದ್ದರು.

ಫೋನಿನಲ್ಲಿ ಗುರುಪುತ್ರಪ್ಪನವರು ಮದುವೆಮನೆಯ ಗದ್ದಲವನ್ನೂ ಮೀರಿ ಕೂಗಾಡಿದರು. "ಅವತ್ತ ಬಡಕೊಂಡೆ, ಪುಣೆಗೆ ಕಳಸೂಣು ಅಂತ. ನನ್ನ ಮರ್ಯಾದಿ ತಗೊಂಡು ಹೊಳಿಗೆ ಹಾಕಿದಿ ನೋಡು." ಆಮೇಲೆ ದನಿ ಇಳಿಸಿ ಕೇಳಿದರು. "ಈಗ ಏನರ ದಾರಿ ಐತೇನು?"

"ಪ್ಯಾಟರ್ನಿನ ಎರಡೂ ತುದಿಗೆ ಪಟ್ಟಿ ಅಂಟಿಸಿ ಉದ್ದ ಮಾಡ್ತೀನ್ರಿ. ಇವತ್ತ ಸಂಜಿಯೊಳಗ ಆಗ್ತೈತಿ. ಆದ್ರ ಹಿತ್ತಾಳಿ..."

"ಬ್ಯಾರೆ ಹಿತ್ತಾಳಿ ಹಾಕೂ ಹಂಗಿಲ್ಲ. ಮಾತು ಕೊಟ್ಟೇನಿ. ಆ ಹನ್ನೆರಡೂ ಒಡೀರಿ. ನಾಳೆ ಮತ್ತ ಹೊಯ್ರಿ."

ಭರಮಣ್ಣ ಎಲ್ಲ ತೂಕ ಹಾಕಿ ನೋಡಿದ. ಒಡೆಯಬೇಕಾದ ಫಲಕ, ಮೊದಲ ಎರಕದಲ್ಲಿ ಉಳಿದ ತುಂಡು, ಎಲ್ಲ ಸೇರಿದರೆ ಹನ್ನೆರಡಕ್ಕೆ ಸರಿಯಾಗಿ ಸಾಲುತ್ತದೆ, ಒಂದು ಸೌಟು ಹೆಚ್ಚಿಲ್ಲ ಎಂದ. "ಭಟ್ಟಿಯಾಗ ಒಂದೀಟು ಸುಟ್ಟ ಹೋಗ್ತೈತಿ. ಹನ್ನೆರಡೂ ಹಾಕಿದ್ರನ ಬರೋಬ್ಬರಿ."

ಆ ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕರೆಪ್ಪ ಪೀರನವಾಡಿಯಿಂದ ಖಾನಾಪುರದವರೆಗೆ ಒಂದೇ ವಿಷಯ ಯೋಚಿಸಿದ. ಹನ್ನೊಂದನ್ನು ಒಡೆಯಬಹುದು. ಹನ್ನೆರಡನೆಯದರ ಮೇಲೆ ಮಾತ್ರ ಸುತ್ತಿಗೆ ಎತ್ತಲಾರೆ. ಆ ಎಂಟು ವಿಕೆಟ್ ಅವನ ಹುಡುಗತನದ ಪೂರ್ತಿ ಸಂಪತ್ತು. ಮಡ್ಡಿಯ ಬಯಲಿನ ಬಿಸಿಲು, ಕುರಿಯ ವಾಸನೆ, ರೇಡಿಯೊದ ಗರಗರ ಎಲ್ಲ ಸೇರಿ ಹಿತ್ತಾಳೆಯಾಗಿ ನಿಂತಿತ್ತು. ಅದನ್ನು ತನ್ನ ಕೈಯಾರೆ ಚೂರು ಮಾಡುವುದೆಂದರೇನು? ಬುದ್ಧಿ ಹೇಳುತ್ತಿತ್ತು, ಹುಚ್ಚಾ, ಅದೇ ಹೆಸರು ನಾಳೆ ಮತ್ತೆ ಎರಕವಾಗುತ್ತದೆ ಎಂದು. ಆದರೆ ಹತಾಶನಾದ ಮನುಷ್ಯನಿಗೆ ಬುದ್ಧಿಯ ಮಾತು ಕೇಳಿಸುವುದು ಅಪರೂಪ.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೆಂಡತಿಯನ್ನು ಕೇಳಿದ. "ಭೀಮಕ್ಕ, ಆ ಹಿತ್ತಾಳಿ ಹಂಡೆ ಎಲ್ಲೈತಿ?"

"ಅಟ್ಟದ ಮ್ಯಾಲ ಐತ್ರಿ. ಯಾಕ?"

"ಕಾರಖಾನ್ಯಾಗ ನೀರು ಕಾಸಾಕ ಬೇಕಾಗೇತಿ."

ಭೀಮಕ್ಕ ಗಂಡನ ಮುಖ ನೋಡಿದಳು. ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಕಲೆ ಅವನಿಗೆ ಇಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತು. ಆ ಹಂಡೆ ಅವಳ ತವರಿನಿಂದ ಬಂದದ್ದು. ಎರಡೂ ಬಾಣಂತನದ ನೀರು ಅದರಲ್ಲೇ ಕಾದಿತ್ತು.

"ವಾಪಸ್ ಬರ್ತೈತೇನ್ರಿ?"

ಅವನು ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಅವಳು ಏಣಿ ಹಾಕಿ ಹಂಡೆ ಇಳಿಸಿದಳು, ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ಇಟ್ಟಳು.

ಶುಕ್ರವಾರ ಎಲ್ಲರಿಗಿಂತ ಮೊದಲು ಫೌಂಡ್ರಿ ಸೇರಿದ ಕರೆಪ್ಪ ಹಂಡೆಯನ್ನು ತಕ್ಕಡಿಗೆ ಹಾಕಿದ. ಏಳು ಕಿಲೋ. ಒಂದು ಫಲಕದ ತೂಕವೂ ಏಳು ಕಿಲೋ. ಹಿಂದಿನ ಮಧ್ಯಾಹ್ನದಿಂದ ಮೊದಲ ಬಾರಿಗೆ ಅವನ ಎದೆ ಹಗುರಾಯಿತು. ನಾಗಲಿಂಗನ ಫಲಕವನ್ನು ಗೋಣಿತಾಟಿನಲ್ಲಿ ಸುತ್ತಿ, ಹಳೆಯ ಪ್ಯಾಟರ್ನುಗಳ ಕಪಾಟಿನ ಹಿಂಬದಿಗೆ ತಳ್ಳಿದ. ಹಂಡೆಯನ್ನು ಕತ್ತರಿಸಿ, ಮಡಚಿ, ಮಡಚಿದ್ದನ್ನು ಬಡಿದು, ಗುರುತು ಸಿಗದ ಹಾಗೆ ಮಾಡಿದ. ಮೈದಾನದ ಹಿತ್ತಾಳೆಗೆ ಹೊರಗಿನ ಗುಂಜಿ ಸೇರಬಾರದೆಂಬ ಕರಾರು ಅವನಿಗೆ ನೆನಪಿರಲಿಲ್ಲ ಎಂದಲ್ಲ.

ಫಲಕ ಒಡೆಯುವ ಕೆಲಸವನ್ನು ಅವನು ಇನ್ನೊಬ್ಬರಿಗೆ ಬಿಡಲಿಲ್ಲ. ಹಿತ್ತಾಳೆಯನ್ನು ಭಟ್ಟಿಯ ಬಾಯಿಗೆ ಹಿಡಿದು ಕೆಂಪಗೆ ಕಾಸಿ ಸುತ್ತಿಗೆಯಲ್ಲಿ ಹೊಡೆದರೆ ಅದು ಬೆಲ್ಲದಚ್ಚಿನಂತೆ ಒಡೆಯುತ್ತದೆ. ಗಾಳಿಯ ಬೆನ್ನೇರಿ ಬಂದ ವೇಗಿ ಮೂರು ಏಟಿಗೆ ಹೋದ. ರಕ್ತದ ಪ್ಯಾಂಟಿನ ಲೆಗ್ ಸ್ಪಿನ್ನರನಿಗೆ ಐದು ಏಟು ಬೇಕಾಯಿತು. ಹಡಗು ಹತ್ತಿದ ಮುದುಕನ ಹೆಸರು ಸರಿಯಾಗಿ ನಡುವೆ ಸೀಳಿತು. ಪ್ರತಿಯೊಂದಕ್ಕೂ ಕರೆಪ್ಪನ ಬಾಯಿಂದ ಒಂದು ಸಣ್ಣ ಸದ್ದು ಬರುತ್ತಿತ್ತು. ಭರಮಣ್ಣ ಒಂದೆರಡು ಸಲ ಅವನತ್ತ ನೋಡಿ ಕಡೆಗೆ ಆಚೆ ಹೋಗಿ ಬೀಡಿ ಹಚ್ಚಿದ. ಅವನು ಆಚೆ ಹೋದಾಗಲೇ ಹಂಡೆಯ ಉಂಡೆ ಒಡೆದ ತುಂಡುಗಳ ರಾಶಿಯ ಅಡಿಗೆ ಸೇರಿತು.

ಇಲ್ಲಿ ಕರೆಪ್ಪ ಎರಡನೆಯ ತಪ್ಪು ಮಾಡಿದ. ಅದೂ ಮೊದಲನೆಯದರ ಒಡಹುಟ್ಟಿದ್ದೇ. ಅವನು ಕಟ್ಟಿಗೆಯ ಮನುಷ್ಯ. ಕಟ್ಟಿಗೆಯಲ್ಲಿ ಏಳು ಕಿಲೋ ಅಂದರೆ ಏಳು ಕಿಲೋ. ಬೆಂಕಿಗೆ ಆ ಲೆಕ್ಕ ಗೊತ್ತಿಲ್ಲ. ದಪ್ಪ ತುಂಡು ಕರಗುತ್ತದೆ, ತೆಳು ತಗಡು ಕರಗುವ ಮೊದಲೇ ಸುಡುತ್ತದೆ. ತವರಿನ ಕಾಲವೂ ಸೇರಿ ನಲವತ್ತು ವರ್ಷ ಒಲೆಯ ಮೇಲೆ ಕೂತು ತಳ ಸವೆದ ಹಂಡೆ, ಕಲಾಯಿ ಹಾಕಿ ಹಾಕಿ ಒಳಮೈ ಬೆಳ್ಳಗಾದ ಹಂಡೆ. ಭರಮಣ್ಣನಿಗೆ ಒಂದು ಮಾತು ಹೇಳಿದ್ದರೆ ಅವನು ಹಣೆ ಚಚ್ಚಿಕೊಂಡು, ಹಂಡೆಯನ್ನು ಹೊರಗೆಸೆದು, ಏನಾದರೂ ದಾರಿ ಹುಡುಕುತ್ತಿದ್ದ.

ಕೊನೆಯ ಮೂಸೆ ಕಾಯುವಾಗ ಬಿಳಿ ಹೊಗೆ ಎಂದಿಗಿಂತ ದಟ್ಟವಾಗಿ ಎದ್ದಿತು. ಭರಮಣ್ಣ ಮೇಲೆ ತೇಲಿದ ಕಿಟ್ಟ ತೆಗೆದ, ಮತ್ತೆ ತೆಗೆದ, ಮತ್ತೂ ತೆಗೆದ. "ಏನೋ ಇದು, ಬರೇ ಕಸಾನ ಬರಾಕತ್ತೇತಿ" ಎಂದು ಗೊಣಗಿದ. ಹನ್ನೊಂದು ಅಚ್ಚು ತುಂಬಿದವು. ನಾಗಲಿಂಗನ ಅಚ್ಚನ್ನು ಕರೆಪ್ಪ ತಾನೇ ಒತ್ತಿದ್ದ, ಎಲ್ಲಕ್ಕಿಂತ ಹೆಚ್ಚು ಕಾಳಜಿಯಿಂದ, ಅದಕ್ಕೇ ಅದು ಕೊನೆಗೆ ಉಳಿದಿತ್ತು. ಭರಮಣ್ಣ ಹೊಯ್ದ. ಅಚ್ಚು ತುಂಬಿತೆಂದರೆ ಇನ್ನೊಂದು ತುದಿಯ ತೂತಿನಲ್ಲಿ ಲೋಹ ಮೇಲೇರಿ ಕಾಣಬೇಕು. ಮೂಸೆ ಬರಿದಾಯಿತು. ತೂತಿನಲ್ಲಿ ಏನೂ ಕಾಣಲಿಲ್ಲ.

"ಕಮ್ಮಿ ಬಿತ್ತು" ಎಂದ ಭರಮಣ್ಣ.

ಕರೆಪ್ಪ ಮೊಣಕಾಲೂರಿ ಆ ತೂತಿನೊಳಗೆ ನೋಡುತ್ತಲೇ ಇದ್ದ. ಒಳಗೆ ಕತ್ತಲೆಯಿತ್ತು, ಬಿಸಿ ಉಸುಕಿನ ವಾಸನೆಯಿತ್ತು.

ಅಚ್ಚು ಬಿಚ್ಚಿದಾಗ ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಉದ್ದದ ತುಂಡು. ಹೆಸರಿನ ಮೊದಲ ಮೂರು ಅಕ್ಷರ ಮೂಡಿ, ನಾಲ್ಕನೆಯದರಲ್ಲಿ ಲೋಹ ನಾಲಿಗೆಯ ಹಾಗೆ ಉರುಟಾಗಿ ನಿಂತುಬಿಟ್ಟಿತ್ತು. ಎಂಟೂ ಇಲ್ಲ, ನಲವತ್ತೊಂಬತ್ತೂ ಇಲ್ಲ. ಆಗ ಹೊತ್ತು ಮುಳುಗುತ್ತಿತ್ತು. ಮೂಸೆ ಬಿರುಕು ಬಿಟ್ಟಿತ್ತು. ಮತ್ತೊಂದು ಮೂಸೆ, ಮತ್ತೊಂದು ಅಚ್ಚು, ಮತ್ತೊಂದು ದಿನ, ಎಲ್ಲವೂ ಬೇಕಿತ್ತು, ಯಾವುದೂ ಇರಲಿಲ್ಲ.

"ನಾ ತೂಗಿದ್ದು ಬರೋಬ್ಬರಿ ಇತ್ತಲ್ಲೋ" ಎಂದು ಭರಮಣ್ಣ ಕಿಟ್ಟದ ರಾಶಿ ಕೆದರಿದ. ಅದರಲ್ಲಿ ಅರೆಸುಟ್ಟ ತಗಡಿನ ಒಂದು ಅಂಚು ಸಿಕ್ಕಿತು. ಅಂಚಿಗೆ ಹಂಡೆಯ ಕಂಠದ ಸುತ್ತು ಇನ್ನೂ ಇತ್ತು. ಅವನು ಅದನ್ನು ನೋಡಿದ, ಕರೆಪ್ಪನನ್ನು ನೋಡಿದ.

"ಲೇ, ಏನ ಮಾಡಿದ್ಯೋ?"

ಕರೆಪ್ಪ ಎರಡೂ ಕೈ ಜೋಡಿಸಿದ. ಭರಮಣ್ಣ ಆ ತುಂಡನ್ನು ಜೇಬಿಗೆ ಹಾಕಿಕೊಂಡು ಕೈ ತೊಳೆಯಲು ಹೋದ. ಮೂವತ್ತೆರಡು ವರ್ಷದ ಸ್ನೇಹ ಅವತ್ತು ಅಷ್ಟು ಮಾಡಿತು.

ಶನಿವಾರ ಮುಂಜಾನೆ ಮೈದಾನದ ಸಂಜಯ ಎನ್ನುವವರು ಟೆಂಪೋ ತಂದರು. ಮರಾಠಿ ಮಾತಿನ, ಮೆದು ಸ್ವಭಾವದ ಮನುಷ್ಯ. ಗುರುಪುತ್ರಪ್ಪನವರೂ ಮದುವೆಯಿಂದ ನೇರ ಬಂದಿದ್ದರು. ಹನ್ನೊಂದು ಫಲಕಗಳನ್ನು ಒಂದೊಂದಾಗಿ ಆ ನಕಲು ಖಾನೆಗೆ ಹಿಡಿದರು. ಹನ್ನೊಂದೂ ತೋಡಿನೊಳಗೆ ಜಾರಿ ಗಟ್ಟಿಯಾಗಿ ನಿಂತವು. ಸಂಜಯ ಅಕ್ಷರಗಳ ಮೇಲೆ ಬೆರಳಾಡಿಸಿ ಇಂಥಾ ಕೆಲಸ ನೋಡಿಲ್ಲ ಎಂದರು. ಬಾಳೆಲ್ಲ ಕಾದ ಮಾತು ಅದು. ಅದು ಬಂದ ಹೊತ್ತಿನಲ್ಲಿ ಕರೆಪ್ಪ ನೆಲ ನೋಡುತ್ತಿದ್ದ.

ಮೊದಲ ಎರಕದ ಕಥೆ ಹೇಳಿ ಹನ್ನೆರಡನೆಯದರ ಅರ್ಧ ತುಂಡನ್ನು ತೋರಿಸಿದಾಗ ಸಂಜಯರ ಮುಖ ಇಳಿಯಿತು. "ನಾಗಲಿಂಗ ಸಾಹೇಬರದೇ?" ಎಂದು ಮರಾಠಿಯಲ್ಲಿ ಕೇಳಿದರು. ಆ ಮನುಷ್ಯ ಧಾರವಾಡದಿಂದ ಹೊರಟಾಗಿದೆ, ಕೋಲು ಹಿಡಿದು ನಡೆಯುವ ಸ್ಥಿತಿ, ಆದರೂ ಬರುತ್ತೇನೆಂದರು, ಎಂದೆಲ್ಲ ಹೇಳಿದರು. ಆಮೇಲೆ ಗುರುಪುತ್ರಪ್ಪನವರ ಕಡೆ ತಿರುಗಿ ಕೇಳಿದರು. ಮೊದಲು ಎರಕ ಹೊಯ್ದ, ಅಳತೆ ಕಡಿಮೆ ಬಿದ್ದ ಫಲಕ ಒಂದಾದರೂ ಉಳಿದಿದೆಯೇ? ಅದಿದ್ದರೆ ಸಾಕು, ಹಿಂದೆ ಒಂದು ಹಲಗೆ ಕೊಟ್ಟು ಭಾನುವಾರದ ಮಟ್ಟಿಗೆ ಹೇಗಾದರೂ ನಿಲ್ಲಿಸುತ್ತೇನೆ.

"ಎಲ್ಲಾ ಒಡಸಿಬಿಟ್ಟೆನಲ್ರಿ" ಎಂದು ಗುರುಪುತ್ರಪ್ಪ ಹಣೆ ಒತ್ತಿಕೊಂಡರು. "ಕರೆಪ್ಪ, ಒಂದೂ ಉಳದಿಲ್ಲ ಹೌದಲ್ಲೋ?"

ಕಪಾಟು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಬಾಯಿ ತೆರೆದರೆ ಎಲ್ಲವೂ ಹೊರಬರಬೇಕು. ಫಲಕ ಬಚ್ಚಿಟ್ಟದ್ದು, ಹಂಡೆ ಸೇರಿಸಿದ್ದು, ಮೈದಾನದ ಹಿತ್ತಾಳೆ ಕೆಡಿಸಿದ್ದು. ಹೊಗಳಿಸಿಕೊಂಡ ಹನ್ನೊಂದರಲ್ಲೂ ಕೆಲವಕ್ಕೆ ಆ ಹಂಡೆಯ ಅಂಶ ತಗುಲಿರಬಹುದು. ಟೆಂಪೋ ಬರಿದಾಗಿ ತಿರುಗಿ ಹೋಗಬಹುದು. ಮಾಲಕರ ಮರ್ಯಾದೆ ಉದ್ಯಮಬಾಗದ ಚಹಾ ಅಂಗಡಿಗಳಲ್ಲಿ ಹರಾಜಾಗಬಹುದು. ಭರಮಣ್ಣ ಕರೆಪ್ಪನನ್ನೇ ನೋಡುತ್ತಿದ್ದ, ಹೇಳೋ ಮಗನೇ ಎನ್ನುವ ಹಾಗೆ.

"ಇಲ್ರಿ" ಎಂದ ಕರೆಪ್ಪ. "ಒಂದೂ ಇಲ್ರಿ."

ಟೆಂಪೋ ಹೋಯಿತು. ಗುರುಪುತ್ರಪ್ಪನವರೂ ಅದರ ಹಿಂದೆಯೇ ಕಾರಿನಲ್ಲಿ ಹೊರಟರು, ಕ್ಷಮೆ ಕೇಳಬೇಕಾದರೆ ಎದುರೇ ನಿಂತು ಕೇಳುತ್ತೇನೆ ಎಂದು. ಹೋಗುವಾಗ ಕರೆಪ್ಪನ ಬೆನ್ನ ಮೇಲೆ ಕೈಯಿಟ್ಟರು. "ಹೋಗ್ಲಿ ಬಿಡು. ನೀ ಬೇಕಂತ ಮಾಡಿದ್ದಲ್ಲ." ಬೈದಿದ್ದರೆ ಒಳ್ಳೆಯದಿತ್ತು.

ಭಾನುವಾರ ಬೆಳಿಗ್ಗೆ ಕರೆಪ್ಪ ಟೀವಿ ಹಚ್ಚುವುದಿಲ್ಲ ಎಂದುಕೊಂಡಿದ್ದ. ಎಂಟೂವರೆಗೆ ಕೈ ತಾನಾಗಿ ಹೋಗಿ ಹಚ್ಚಿತು. ಭೀಮಕ್ಕ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಿಗೆ ಒರಗಿ ನಿಂತಳು. ಹಸಿರು ಮೈದಾನ, ಹಳೆಯ ಕಲ್ಲಿನ ಪೆವಿಲಿಯನ್, ಸೂಟು ಹಾಕಿದ ಜನ. ಪರದೆ ಸರಿಯಿತು. ಬೆಳಗಿನ ಬಿಸಿಲು ಹಿತ್ತಾಳೆಯ ಮೇಲೆ ಬಿದ್ದು ಟೀವಿಯೇ ಬೆಳಗಿತು.

"ಅಯ್ಯ, ನೀವ ಮಾಡಿದ್ದೇನ್ರಿ ಅದು?" ಎಂದಳು ಭೀಮಕ್ಕ.

ಕ್ಯಾಮೆರಾ ಮೇಲಿನಿಂದ ಕೆಳಗೆ ಇಳಿಯಿತು. ಒಂದು, ಎರಡು, ಮೂರು... ಕರೆಪ್ಪ ಎಣಿಸುತ್ತಿದ್ದ. ಹನ್ನೊಂದರ ಕೆಳಗೆ ಬರೀ ಕಪ್ಪು ಸಾಗವಾನಿ. ಕ್ಯಾಮೆರಾ ಅಲ್ಲಿ ನಿಲ್ಲಲಿಲ್ಲ, ಜನರತ್ತ ತಿರುಗಿತು. ಹಳೆಯ ಬೌಲರುಗಳು ಒಬ್ಬೊಬ್ಬರೇ ಎದ್ದು ಬಂದು ತಮ್ಮ ಹೆಸರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಎಲ್ಲರ ಹಿಂದೆ ಕೋಲೂರಿಕೊಂಡು ಒಬ್ಬ ಎತ್ತರದ ಮುದುಕ ಬಂದ. ಎಡಭುಜ ಸ್ವಲ್ಪ ಇಳಿಬಿದ್ದಿತ್ತು. ಕನ್ನಡಕ ಏರಿಸಿ ಮೊದಲ ಫಲಕ ಓದಿದ, ಎರಡನೆಯದು ಓದಿದ, ಬೆರಳಿಟ್ಟು ಒಂದೊಂದೇ ಓದುತ್ತ ಕೆಳಗೆ ಬಂದ. ಕೊನೆಗೆ ಬೆರಳು ಕಟ್ಟಿಗೆಗೆ ತಾಗಿತು. ಅವನು ಮತ್ತೆ ಮೇಲಿನಿಂದ ಓದಲು ಶುರು ಮಾಡಿದ. ಅಷ್ಟರಲ್ಲಿ ಟೀವಿಯವರು ಜಾಹೀರಾತು ಹಾಕಿದರು.

"ಯಾರ್ರಿ ಅವ್ರು? ಏನ ಹುಡುಕಾಕತ್ತಿದ್ರು?"

ಕರೆಪ್ಪ ಎದ್ದು ಟೀವಿ ಆರಿಸಿದ. ಭೀಮಕ್ಕ ಹಿಟ್ಟಿನ ಕೈಯಲ್ಲೇ ಅವನ ತೋಳು ಹಿಡಿದಳು.

ಹತ್ತು ನಿಮಿಷ ಕಳೆದಿರಬಹುದು, ಫೋನು ಬಂತು. ಗುರುಪುತ್ರಪ್ಪನವರು. ಹಿಂದೆ ಜನರ ಗಲಾಟೆ, ಡೋಲು, ಟಾಸ್ ಆದ ಕೂಗು.

"ಕರೆಪ್ಪ, ನಾಗಲಿಂಗ ಅವ್ರು ಇಲ್ಲೇ ನನ್ನ ಬಾಜೂಕ ನಿಂತಾರ. ಬೆಳಗಾವಿಯಾಗ ಆದ ಕೆಲಸ ಅಂತ ಯಾರೋ ಹೇಳ್ಯಾರ. ನಮ್ಮ ಊರ ಕಡ್ಯಾವ್ರ ನನ್ನ ಹೆಸರು ಯಾಕ ಬಿಟ್ರಿ, ನಾ ಎಂಟು ತಗೊಂಡಿದ್ದು ಖರೇ ಹೌದಲ್ಲೋ ಅಂತ ಕೇಳಾಕತ್ತಾರ. ಅಚ್ಚು ಕೆಡ್ತು ಅಂದೆ, ಒಪ್ಪಾಕ ತಯಾರಿಲ್ಲ. ಉಳದ ಹನ್ನೊಂದು ಕೆಡಲಿಲ್ಲ, ನಂದೊಂದ ಯಾಕ ಕೆಡ್ತು ಅಂತಾರ. ಕಣ್ಣಾಗ ನೀರು ತಂದಾರಪಾ. ನಾ ಏನಂತ ಹೇಳಲಿ?"

ಕರೆಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಎಲ್ಲಾರ್ದೂ ಒಡದೆ" ಎಂದ. "ಅವರದೊಂದು ಒಡ್ಯಾಕ ನನಗ ಕೈ ಬರಲಿಲ್ಲ ಅಂತ ಹೇಳ್ರಿ."